ಕಂಬಕ್ಕೆ ಕಟ್ಟಿದ ಟ್ರಾಕ್ಟರು

ಫಿಟ್ಟರಕ್ಕನ ವರ್ಕ್‌ಶಾಪಿನ ಅಂಗಳದಲ್ಲಿ ಕಾಂಕ್ರೀಟಿನಲ್ಲಿ ಹೂತಿಟ್ಟ ಒಂದು ಕಬ್ಬಿಣದ ಕಂಬವಿದೆ. ಅದರ ಬುಡದಲ್ಲಿ ದಪ್ಪನೆಯ ಸರಪಳಿ. ಹೊಸದಾಗಿ ಬಂದವರು ಇಲ್ಲಿ ಯಾವ ಪ್ರಾಣಿಯನ್ನು ಕಟ್ಟಿಹಾಕುತ್ತೀರಿ ಎಂದು ಕೇಳುವುದುಂಟು. ಅವಳು ನಗದೆ, ಟ್ರಾಕ್ಟರನ್ನು ಎನ್ನುತ್ತಾಳೆ.

ಅದು ತಮಾಷೆಯಲ್ಲ. ಸಣ್ಣ ಟ್ರಾಕ್ಟರುಗಳಿಗೆ ಉಪಕರಣ ಜೋಡಿಸುವುದು ಅವಳ ಕಸುಬು. ಅವುಗಳಲ್ಲಿ ಅವಳು ನಂಬದಿರುವುದು ಒಂದನ್ನೇ, ಉದ್ದ ತೋಳಿನ ಕೊಚ್ಚುವ ಯಂತ್ರವನ್ನು. ಅದು ಟ್ರಾಕ್ಟರಿನ ಹಿಂದೆ ಕೂತು ಪಕ್ಕಕ್ಕೆ ತೋಳು ಚಾಚುತ್ತದೆ. ತೋಳಿನ ತುದಿಯ ತಲೆಯೊಳಗೆ ಅಲಗುಗಳು ಗಿರಗಿರ ತಿರುಗಿ ರಸ್ತೆಬದಿಯ ಪೊದೆಗಳನ್ನು ಪುಡಿಮಾಡುತ್ತವೆ. ತೋಳು ಚಾಚಿದಷ್ಟೂ ಟ್ರಾಕ್ಟರು ಆ ಕಡೆಗೆ ವಾಲುತ್ತದೆ. ಆದ್ದರಿಂದ ಎದುರು ಪಕ್ಕಕ್ಕೆ ಭಾರದ ಬಿಲ್ಲೆಗಳನ್ನು ಬಿಗಿಯಬೇಕು, ಚಕ್ರಗಳನ್ನು ಅಗಲಿಸಬೇಕು. ಆಗಲೂ ಟ್ರಾಕ್ಟರಿನ ಮೈತೂಕ ಸಾಲದಿದ್ದರೆ ಆ ತೋಳನ್ನು ಅದಕ್ಕೆ ಕಟ್ಟಲೇಬಾರದು.

ಇಷ್ಟನ್ನು ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲವೆಂದು ಅವಳು ಒಂದು ಕ್ರಮ ಇಟ್ಟುಕೊಂಡಿದ್ದಳು. ಜೋಡಣೆ ಮುಗಿದ ಮೇಲೆ ಟ್ರಾಕ್ಟರಿನ ಎದುರು ಪಕ್ಕದ ಅಚ್ಚನ್ನು ಸರಪಳಿಯಿಂದ ಕಂಬದ ಬುಡಕ್ಕೆ ಕೊಂಚ ಸಡಿಲವಾಗಿ ಕಟ್ಟುವುದು. ತಾನೇ ಸೀಟಿನಲ್ಲಿ ಕೂತು ಬೆಲ್ಟು ಹಾಕಿ ತೋಳನ್ನು ಪೂರ್ತಿ ಚಾಚುವುದು. ಚಕ್ರ ನೆಲ ಬಿಡದಿದ್ದರೆ ಕೀಲಿ ಮಾಲೀಕರ ಕೈಗೆ. ಬಿಟ್ಟರೆ, ಟ್ರಾಕ್ಟರು ಉರುಳುವ ಮೊದಲೇ ಸರಪಳಿ ಹಿಡಿದು ನಿಲ್ಲಿಸುತ್ತದೆ.

ಈ ಕ್ರಮ ಹುಟ್ಟಿದ್ದು ಅವಳ ತಮ್ಮನ ಕಾಲು ಹೋದ ಮೇಲೆ.

ತಮ್ಮ ಆಗ ದೊಡ್ಡಪ್ಪನ ಮಗನ ಹತ್ತಿರ ಡ್ರೈವರಾಗಿದ್ದ. ಆ ಅಣ್ಣನದು ರಸ್ತೆಬದಿ ಸವರುವ ಗುತ್ತಿಗೆ. ಒದ್ದೆ ಮಣ್ಣಿನಲ್ಲಿ ಚಕ್ರ ಹೂತುಹೋಗುತ್ತದೆಂದು ಅವನೇ ನಿಂತು ಬಿಲ್ಲೆಗಳನ್ನು ಬಿಚ್ಚಿಸಿದ್ದ. ಬಿಚ್ಚಿದವನು ತಮ್ಮ, ಬಿಚ್ಚು ಎಂದವನು ಅವನು, ಮೂರನೆಯವರು ಅಲ್ಲಿರಲಿಲ್ಲ. ಇಳಿಜಾರಿನಲ್ಲಿ ತೋಳು ಚಾಚಿದ್ದೇ ತಡ, ಟ್ರಾಕ್ಟರು ಮಗುಚಿ ತಮ್ಮನ ಕಾಲ ಮೇಲೆ ಬಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲೇ ಅಣ್ಣ ಕಣ್ಣೊರೆಸಿಕೊಳ್ಳುತ್ತ, ಹುಡುಗನಿಗೆ ಮೊದಲಿಂದಲೂ ಮರೆವು, ಭಾರ ಹಾಕುವುದನ್ನೇ ಮರೆತುಬಿಟ್ಟ ಎಂದು ಎಲ್ಲರಿಗೂ ಹೇಳಿದ. ತಮ್ಮನಿಗೆ ಪ್ರಜ್ಞೆ ಬರುವಷ್ಟರಲ್ಲಿ ಆ ಮಾತು ಬೀದಿ ದಾಟಿತ್ತು. ಅಂದಿನಿಂದ ಅವನ ಹೆಸರು ಮರೆಗುಳಿ. ಆಮೇಲೆ ಯಾರೂ ಅವನ ಕೈಗೆ ಕೀಲಿ ಕೊಡಲಿಲ್ಲ. ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂತು ಅಲಗು ಮಸೆಯುತ್ತಾನೆ.

ಅಕ್ಕ ಜಗಳವಾಡಲಿಲ್ಲ. ದಾರಿಯಲ್ಲಿ ಸಿಕ್ಕರೆ ಚೆನ್ನಾಗಿದೀಯಾ ಅಣ್ಣ ಎಂದು ಕೇಳುತ್ತಿದ್ದಳು. ಅವನಿಗೆ ಅವಳು ಎಲ್ಲ ಮರೆತಿದ್ದಾಳೆನಿಸಿತ್ತು.

ಹಾಗೆಂದೇ ಅವನು ಒಂದು ದಿನ ಪುಟ್ಟ ಹೊಸ ಟ್ರಾಕ್ಟರನ್ನೂ, ಯಾರೋ ಮಾರಿದ ಉದ್ದ ತೋಳನ್ನೂ ಲಾರಿಯಲ್ಲಿ ಹೇರಿಕೊಂಡು ಬಂದ. ಮೈ ನೋಡಿದರೆ ಕುರಿಮರಿ, ತೋಳು ನೋಡಿದರೆ ಕ್ರೇನು. ಅವಳು ಎರಡನ್ನೂ ಅಳೆದು, ಇದು ಇದಕ್ಕಲ್ಲ ಎಂದಳು. ಗಿಡ್ಡ ತೋಳು ತರಲು ಹೇಳಿದಳು. ಅವನು ಕೇಳಲಿಲ್ಲ. ಬಿಲ್ಲೆಯಾದರೂ ಹಾಕೋಣವೆಂದರೆ, ಮಣ್ಣಿನಲ್ಲಿ ಹೂತರೆ ನೀನು ಬಂದು ಎತ್ತುತ್ತೀಯಾ ಎಂದ. ಅದೇ ಮಾತು. ತಮ್ಮನಿಂದ ಬಿಲ್ಲೆ ಬಿಚ್ಚಿಸುವಾಗ ಆಡಿದ್ದು.

“ಸರಿ ಅಣ್ಣ. ನೀನು ಹೇಳಿದ ಹಾಗೇ ಕಟ್ತೀನಿ,” ಎಂದಳು. “ನಾಳೆ ನಿನ್ನ ಡ್ರೈವರುಗಳನ್ನೂ ಕರ್ಕೊಂಡು ಬಾ.”

ಸಂಜೆ ಎಲ್ಲ ಜೋಡಿಸಿದ ಮೇಲೆ ಅವಳು ಸರಪಳಿಯ ಕೊಂಡಿಯನ್ನು ಬೆರಳಿನಿಂದ ತಡವಿದಳು. ಅದು ಸವೆದಿತ್ತು. ಒಮ್ಮೆ ಎಳೆತ ಬಿದ್ದರೆ ಬಾಯಿ ಬಿಡಬಹುದು. ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಳು. ತಮ್ಮನ ಕಾಲು ಕಣ್ಮುಂದೆ ಬಂತು. ಬೀಳಲಿ, ಅಣ್ಣನಿಗೂ ಗೊತ್ತಾಗಲಿ ಎನಿಸಿತು. ಕೊನೆಗೆ ಎದ್ದು ಹೊಸ ಕೊಂಡಿ ಹಾಕಿದಳು. ಕರುಣೆಯಿಂದಲ್ಲ. ಅವನು ಸತ್ತರೆ ಬಿಲ್ಲೆ ಬಿಚ್ಚಿಸಿದ್ದು ಯಾರೆಂಬ ನಿಜವನ್ನು ಊರು ನಂಬುವಂತೆ ಹೇಳುವವರು ಯಾರೂ ಉಳಿಯುವುದಿಲ್ಲ.

ಮರುದಿನ ಅಣ್ಣ ಇಬ್ಬರು ಡ್ರೈವರುಗಳೊಂದಿಗೆ ಬಂದ. ಸರಪಳಿ ಕಂಡು, ಆನೆಗೂ ಇಷ್ಟು ದಪ್ಪದ್ದು ಬೇಡ ಎಂದು ನಕ್ಕ. ಯಾವಾಗಲೂ ತಾನೇ ಸೀಟು ಹತ್ತುವ ಅಕ್ಕ ಇಂದು ಹತ್ತಲಿಲ್ಲ.

“ಭಾರ ಬೇಡ ಅಂದವನು ನೀನು. ನೀನೇ ಕೂತು ತೋರಿಸು, ಇವರಿಗೂ ಧೈರ್ಯ ಬರಲಿ.”

ಡ್ರೈವರುಗಳು ನೋಡುತ್ತಿದ್ದರು. ಹಿಂದೆ ಸರಿಯಲು ಅವನಿಗೆ ದಾರಿಯಿರಲಿಲ್ಲ. ಹತ್ತಿ ಕೂತ. ಅವಳೇ ಬೆಲ್ಟು ಬಿಗಿದಳು, ತಲೆಯ ಮೇಲಿನ ರಕ್ಷಣೆಯ ಕಂಬಿ ನೆಟ್ಟಗಿದೆಯೇ ನೋಡಿದಳು, ಅಲಗು ತಿರುಗದಂತೆ ಶಾಫ್ಟು ಬಿಚ್ಚಿಟ್ಟಳು, ತೋಳಿನ ಕಡೆಯಿಂದ ಎಲ್ಲರನ್ನೂ ದೂರ ಕಳಿಸಿದಳು.

ಅಣ್ಣ ಅವಳು ತೋರಿಸಿದ ಲಿವರ್ ಒತ್ತಿದ. ತೋಳು ಅರ್ಧ ಚಾಚುವವರೆಗೆ ಅವನ ಮುಖದಲ್ಲಿ ನಗುವಿತ್ತು. ಮುಕ್ಕಾಲು ಚಾಚಿದಾಗ ಎದುರು ಪಕ್ಕದ ಚಕ್ರ ಮೆಲ್ಲಗೆ ನೆಲ ಬಿಟ್ಟಿತು. ಗಾಬರಿಯಲ್ಲಿ ಅವನು ಲಿವರನ್ನು ಬಿಡುವ ಬದಲು ಇನ್ನಷ್ಟು ಒತ್ತಿದ. ಟ್ರಾಕ್ಟರು ಒಮ್ಮೆಲೇ ವಾಲಿತು. ಸರಪಳಿ ಟಕ್ಕೆಂದು ಬಿಗಿಯಿತು. ಅವನು ಓರೆಯಾಗಿ, ಬೆಲ್ಟಿಗೆ ಜೋತುಬಿದ್ದ.

“ಇಳಿಸೇ,” ಎಂದ.

ಅಕ್ಕ ಹತ್ತಿರ ಹೋಗಿ ಕೈ ಕಟ್ಟಿ ನಿಂತಳು. “ಅಲ್ಲಿರೋ ಲಿವರುಗಳಲ್ಲಿ ಒಂದು ತೋಳನ್ನು ಒಳಕ್ಕೆ ಎಳೆಯುತ್ತೆ, ಉಳಿದವು ನಿನ್ನನ್ನ ಇನ್ನೂ ವಾಲಿಸ್ತವೆ. ಯಾವುದು ಅಂತ ಹೇಳ್ತೀನಿ. ಮೊದಲು ನೀನು ಹೇಳು. ಅವತ್ತು ಬಿಲ್ಲೆ ಬಿಚ್ಚು ಅಂದವರು ಯಾರು?”

“ಹಳೇದೆಲ್ಲ ಈಗ್ಯಾಕೆ...”

“ನನಗೇನೂ ಅವಸರ ಇಲ್ಲ ಅಣ್ಣ. ಸರಪಳಿಗೂ ಇಲ್ಲ.”

ಅವನು ಕೆಳಗೆ ನೋಡಿದ. ಅವತ್ತು ತಮ್ಮನ ಕಾಲು ಸಿಕ್ಕಿಕೊಂಡಿದ್ದೂ ಹೀಗೆ ವಾಲಿದ ಪಕ್ಕದಲ್ಲೇ. ಸರಪಳಿ ಕಿರುಗುಟ್ಟಿತು. ಅವನು ಏನೋ ಗೊಣಗಿದ.

“ಕೇಳಬೇಕಾದವರಿಗೆ ಕೇಳಿಸ್ಲಿಲ್ಲ,” ಎಂದು ಅವಳು ಹಿಂದಿನ ಕೋಣೆಯ ಕಿಟಕಿಯತ್ತ ತಲೆಯಿಂದ ಸನ್ನೆ ಮಾಡಿದಳು. ಅಲಗು ಮಸೆಯುವ ಸದ್ದು ಯಾವಾಗಲೋ ನಿಂತಿತ್ತು.

“ನಾನೇ ಬಿಚ್ಚಿಸಿದ್ದು,” ಎಂದು ಅಣ್ಣ ಗಂಟಲೆತ್ತಿ ಹೇಳಿದ. “ಅವನು ಬೇಡ ಅಂತಾನೇ ಅಂದಿದ್ದ. ಅವನು ಮರ್ತಿರಲಿಲ್ಲ.”

ಆಮೇಲೆ ಅವಳು ಲಿವರ್ ತೋರಿಸಿದಳು. ತೋಳು ಒಳಬಂತು, ಚಕ್ರ ನೆಲ ಕಂಡಿತು. ಅಣ್ಣ ಇಳಿಯುವಾಗ ಮಡ್‌ಗಾರ್ಡು ಹಿಡಿದುಕೊಂಡ. ಕೈ ಕೊಡಲು ಯಾರೂ ಬರಲಿಲ್ಲ. ಬೇರೆಯವರ ಹತ್ತಿರ ಕಟ್ಟಿಸುತ್ತೇನೆಂದು ಅವನು ಒದರಾಡಿದಾಗ, ಯಾರು ಕಟ್ಟಿದರೂ ನಾವಂತೂ ಇದನ್ನು ಹತ್ತುವುದಿಲ್ಲ ಎಂದು ಡ್ರೈವರುಗಳು ತಣ್ಣಗೆ ಹೇಳಿದರು. ಸಂಜೆಯೊಳಗೆ ಟೀ ಅಂಗಡಿಯಲ್ಲಿ ಅವನಿಗೆ ಹೊಸ ಹೆಸರು ಬಿದ್ದಿತ್ತು, ಜೋತಾಡಣ್ಣ ಅಂತ.

ಅಕ್ಕ ಕೈ ತೊಳೆದುಕೊಂಡು ಟೀ ಹಿಡಿದು ಹಿಂದಿನ ಕೋಣೆಗೆ ಹೋದಳು. ತಮ್ಮ ಅಲಗನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಲೋಟ ತೆಗೆದುಕೊಂಡ. ಒಂದು ಗುಟುಕು ಕುಡಿದ.

“ಬೇಗ ಇಳಿಸಿಬಿಟ್ಟೆ ಅಕ್ಕ,” ಎಂದ.

“ಹೌದು ಕಣೋ,” ಎಂದು ಅವಳು ಒಪ್ಪಿಕೊಂಡಳು.