ಬಿಡಿ ಕೊಡಿ ಅಂದ್ರೆ ಬಿಡಿ ಅಂತಾರೆ

ಬ್ರೆಡ್ಡಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಅದು ಅವಳ ಗಂಡನಿಗೂ ಆಗಾಗ ಮರೆತುಹೋಗುತ್ತಿತ್ತು. ಬೆಳಗಾಗುವ ಮೊದಲೇ ಬೇಕರಿಯಿಂದ ವ್ಯಾನಿನ ತುಂಬ ಬಿಸಿ ಬ್ರೆಡ್ ತುಂಬಿಕೊಂಡು ಮನೆಮನೆಗೆ ಹಂಚುವವಳನ್ನು ಬೇರೆ ಏನೆಂದು ಕರೆಯುವುದು? ಹಳೆಯ ವ್ಯಾನಿನಲ್ಲಿ ಅವಳ ಕೈ ಹೋಗದ ಜಾಗವೇ ಇರಲಿಲ್ಲ. ಪ್ಲಗ್ಗು ಕಪ್ಪಾದರೆ ತಾನೇ ಉಜ್ಜುವಳು, ಬೆಲ್ಟು ಹರಿದರೆ ತಾನೇ ಹಾಕುವಳು. ಒಮ್ಮೆ ಸೈಲೆನ್ಸರ್ ಜೋತುಬಿದ್ದಾಗ ಬಟ್ಟೆ ಒಣಹಾಕುವ ತಂತಿಯನ್ನೇ ಬಿಚ್ಚಿ ಬಿಗಿದಿದ್ದಳು. ಆ ವಾರವೆಲ್ಲ ಗಂಡನ ಪಂಚೆ ಕಿಟಕಿಯ ಮೇಲೆ ಒಣಗಿತು.

ಗಂಡ ದರ್ಜಿ. ಮಾತು ಕಡಿಮೆ, ಅಂಜಿಕೆ ಜಾಸ್ತಿ. ಹಳೆಯ ವ್ಯಾನು ಸತ್ತು ಹೊಸದು ಬಂದಾಗ, "ಇದಕ್ಕೆ ಮಾತ್ರ ಕೈ ಹಾಕ್ಬೇಡ ಕಣೇ," ಎಂದು ಬೇಡಿಕೊಂಡಿದ್ದ.

ಅವಳು ಸುಮ್ಮನಿದ್ದರೂ ವ್ಯಾನು ಸುಮ್ಮನಿರಲಿಲ್ಲ. ಎಡಕ್ಕೆ ತಿರುಗಿದಾಗಲೆಲ್ಲ ತಾನಾಗಿಯೇ ಹಾರ್ನ್ ಬಾರಿಸಿಕೊಂಡು ಬೊಬ್ಬೆ ಹಾಕತೊಡಗಿತು. ಅವಳ ದಾರಿಯಲ್ಲೋ ಎಡ ತಿರುವುಗಳೇ ಹೆಚ್ಚು. ಎಲ್ಲರಿಗಿಂತ ಹೆಚ್ಚು ಬ್ರೆಡ್ ಕೊಳ್ಳುವ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಕೆದರಿದ ತಲೆಯಲ್ಲೇ ಇಳಿದು ಬಂದರು.

"ನೋಡಮ್ಮ, ನಾಳೇನೂ ಹೀಗೇ ಕೂಗಿದ್ರೆ ಗೇಟ್ ಒಳಗೆ ಬಿಡಲ್ಲ. ಬ್ರೆಡ್ಡನ್ನ ಅಂಗಡಿಯಿಂದ ತರಿಸ್ಕೋತೀವಿ."

ಬ್ರೆಡ್ಡಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆ ಗೇಟು ಮುಚ್ಚಿದರೆ ಅರ್ಧ ವ್ಯಾನು ಬ್ರೆಡ್ ಕೊಳ್ಳುವವರಿಲ್ಲದೆ ಉಳಿಯುತ್ತದೆ.

ಮನೆಗೆ ಬಂದವಳೇ ಗಂಡನ ಕಣ್ಣು ತಪ್ಪಿಸಿ ಸ್ಟಿಯರಿಂಗ್ ನಡುವಿನ ಮುಚ್ಚಳ ತೆಗೆದಳು. ಹಾರ್ನ್ ಗುಂಡಿಯ ಕೆಳಗೆ ಬೆರಳುಗುರಿನಷ್ಟು ಪುಟ್ಟ ಸ್ಪ್ರಿಂಗು ಮುರಿದು ಕುಳಿತಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ನೇರ ಶೋರೂಮಿಗೆ ನಡೆದಳು.

"ಸ್ಪ್ರಿಂಗ್ ಬಿಡಿಯಾಗಿ ಬರಲ್ಲ ಮೇಡಂ," ಎಂದ ಮ್ಯಾನೇಜರ್. "ಇಡೀ ಸ್ಟಿಯರಿಂಗ್ ಬದಲಾಯಿಸ್ಬೇಕು. ಒಂದು ತಿಂಗಳಾಗುತ್ತೆ. ಅದೂ ಅಲ್ದೆ ನೀವೇ ಬಿಚ್ಚಿದೀರಿ, ವಾರಂಟಿ ಹೋಯ್ತು."

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರೇನ್ರೀ? ಹೊರಗೆ ಬೋರ್ಡಲ್ಲಿ 'ಬಿಡಿಭಾಗಗಳು ದೊರೆಯುತ್ತವೆ' ಅಂತ ಬರ್ಸಿದೀರಿ. ಬಿಡಿ ಕೊಡಿ."

"ಬಿಡಿ ಮೇಡಂ."

"ನಾನೂ ಅದನ್ನೇ ಕೇಳ್ತಿರೋದು."

"ಅಯ್ಯೋ, ಆ ಮಾತು ಬಿಟ್ಬಿಡಿ ಅಂದೆ!"

"ಬಿಡಿ ಕೊಡಿ ಅಂದ್ರೆ ಬಿಡಿ ಅಂತೀರಿ. ಹಾಗಾದ್ರೆ ಬೋರ್ಡಲ್ಲಿ 'ಇಡಿಭಾಗ' ಅಂತ ಬರ್ಸಿ! ನನ್ನ ವ್ಯಾನು, ನನ್ನ ಕೈ. ನಾನು ಕೇಳ್ತಿರೋದು ಇಷ್ಟೇ ಇಷ್ಟು ತಂತಿ!"

ಮ್ಯಾನೇಜರ್ ಸಿಟ್ಟಿನಿಂದ ಎದ್ದ. ಎದ್ದ ರಭಸಕ್ಕೆ ಹೊಟ್ಟೆಯ ಮೇಲಿನ ಅಂಗಿಯ ಗುಂಡಿ ಟಪ್ಪನೆ ಕಿತ್ತುಹೋಗಿ, ಉರುಳಿಕೊಂಡು ಬಂದು ಬ್ರೆಡ್ಡಕ್ಕನ ಕಾಲ ಬಳಿ ನಿಂತಿತು. ಅವಳು ಎತ್ತಿಕೊಂಡಳು. ದರ್ಜಿಯ ಹೆಂಡತಿಯ ಬ್ಯಾಗಿನಲ್ಲಿ ಸೂಜಿ ದಾರ ಇರದೆ ಹೋದೀತೇ? ಅವನ್ನೂ ಹೊರತೆಗೆದಳು. ಮ್ಯಾನೇಜರ್ ಒಂದು ಕೈಯಲ್ಲಿ ಹೊಟ್ಟೆ ಮುಚ್ಚಿಕೊಂಡು ಇನ್ನೊಂದನ್ನು ಚಾಚಿದ.

"ಗುಂಡಿ ಬಿಡಿಯಾಗಿ ಹಾಕಲ್ಲ ಸಾರ್," ಎಂದಳು, ಅವನದೇ ಧಾಟಿಯಲ್ಲಿ. "ಇಡೀ ಅಂಗಿ ಬದಲಾಯಿಸ್ಬೇಕು. ಒಂದು ತಿಂಗಳಾಗುತ್ತೆ."

ಕಾದು ಕುಳಿತಿದ್ದ ಗಿರಾಕಿಗಳು ಗೊಳ್ಳೆಂದರು. ಮ್ಯಾನೇಜರನ ಮುಖ ಕೆಂಪೇರಿತು. ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ.

"ಹಿಂದ್ಗಡೆ ಬಿಚ್ಚಿ ಬಿಸಾಕಿದ ಸ್ಟಿಯರಿಂಗ್ ರಾಶಿ ಇದೆ," ಎಂದ ತಗ್ಗಿದ ದನಿಯಲ್ಲಿ. "ಚೆನ್ನಾಗಿರೋ ಸ್ಪ್ರಿಂಗ್ ಹುಡುಕ್ಕೊಳ್ಳಿ. ನಾನು ಕೊಟ್ಟೆ ಅಂತ ಮಾತ್ರ ಎಲ್ಲೂ ಹೇಳ್ಬೇಡಿ."

ಅಂಗಿ ಹರಿದರೂ ಗುಂಡಿ ಬೀಳದಷ್ಟು ಗಟ್ಟಿಯಾಗಿ ಹೊಲಿದುಕೊಟ್ಟು ಬಂದಳು.

ಸಂಜೆ ಅವಳು ಸ್ಪ್ರಿಂಗ್ ಕೂರಿಸುವಾಗ ಗಂಡ ಬಂದು ನಿಂತ. ಬೈಯಲಿಲ್ಲ. ತಾನೇ ಟಾರ್ಚ್ ಹಿಡಿದ.

"ಬೇಗ ಮುಗ್ಸೇ, ಯಾರಾದ್ರೂ ನೋಡ್ತಾರೆ."

"ನೋಡ್ಲಿ ಬಿಡಿ ರೀ. ಕದ್ದ ವ್ಯಾನೇ ಇದು?"

ಮರುದಿನ ಬೆಳಿಗ್ಗೆ ಮೊದಲ ಎಡ ತಿರುವಿನಲ್ಲಿ ಅವಳು ಕಿವಿಗೊಟ್ಟು ಸ್ಟಿಯರಿಂಗ್ ತಿರುಗಿಸಿದಳು. ಸದ್ದಿಲ್ಲ. ಎರಡನೆಯದರಲ್ಲೂ ಇಲ್ಲ. ಖುಷಿಗೆ ಕಣ್ಣು ತುಂಬಿ ಬಂತು. ಅಪಾರ್ಟ್‌ಮೆಂಟಿನ ಗೇಟೂ ತೆರೆಯಿತು. ಆದರೆ ಬ್ರೆಡ್ ಕೊಳ್ಳಲು ಒಂದು ನರಪಿಳ್ಳೆಯೂ ಇಳಿದು ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಕಾರ್ಯದರ್ಶಿ ಕಣ್ಣುಜ್ಜಿಕೊಳ್ಳುತ್ತ ಓಡಿಬಂದರು.

"ಏನಮ್ಮ, ಇವತ್ತು ಸದ್ದೇ ಇಲ್ಲ? ಆ ಕೂಗಿಗೇ ಏಳೋದು ಅಭ್ಯಾಸ ಆಗ್ಬಿಟ್ಟಿದೆ, ಎಲ್ಲರೂ ಇನ್ನೂ ಮಲಗಿದಾರೆ. ನೀನು ಬಂದಿದ್ದು ಗೊತ್ತಾಗೋದು ಹೇಗೆ?"

"ಕೂಗಿಸ್ತೀನಿ ಬಿಡಿ," ಎಂದು ಬ್ರೆಡ್ಡಕ್ಕ ಗುಂಡಿಯನ್ನು ಮೆತ್ತಗೆ, ಒಂದೇ ಸಲ ಒತ್ತಿದಳು. "ಈಗ ಇದು ನಾನು ಹೇಳಿದಾಗ ಮಾತ್ರ ಬಾಯಿ ಬಿಡುತ್ತೆ."