ಸಿಸ್ಟರಮ್ಮ ಕೆಡಿಸಿದ ಮುದ್ದೆ

ಸಿಸ್ಟರಮ್ಮನ ಬಲ ಅಂಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ಹುಣಸೆಬೀಜದಂಥ ಒಂದು ಜಡ್ಡು ಇತ್ತು. ನಾಡಿ ಹಿಡಿದಾಗ ಅದು ಮಣಿಕಟ್ಟಿಗೆ ಒರಟಾಗಿ ತಾಗುತ್ತಿತ್ತು. ಇಷ್ಟು ಮೆತ್ತಗೆ ಮಾತಾಡುವ ಹೆಂಗಸಿಗೆ ಇಂಥ ಕೈ ಎಲ್ಲಿಂದ ಬಂತು ಎಂದು ಬಾಣಂತಿ ಮಂಚದ ಮೇಲೆ ಮಲಗಿ ಯೋಚಿಸಿದ್ದೆ. ಉತ್ತರ ಸಿಗಲು ಇಪ್ಪತ್ತು ವರ್ಷ ಕಾಯಬೇಕಾಯಿತು.

ಅವರು ಇನ್ನೊಬ್ಬ ಸಿಸ್ಟರ್ ಜೊತೆ ಕೊಳ್ಳೇಗಾಲಕ್ಕೆ ಬಂದಾಗ ಮಿಷನ್ ಎಂದರೆ ಬಾಡಿಗೆಯ ಎರಡು ಕೋಣೆ, ಒಂದು ಔಷಧಿ ಬೀರು. ಬಿಸಿನೀರಿನಲ್ಲಿ ರೇಷ್ಮೆಗೂಡು ಬೇಯಿಸಿ ಕೈ ಬೊಬ್ಬೆಯೆದ್ದ ಹೆಂಗಸರಿಗೆ ಮುಲಾಮು ಹಚ್ಚುವುದೇ ಮೊದಲ ಕೆಲಸವಂತೆ. ಆಮೇಲೆ ನೋವು ತಿನ್ನುತ್ತಿದ್ದ ಬಸುರಿಯೊಬ್ಬಳು ಬಾಗಿಲಲ್ಲೇ ಕೂತಳು, ಹೆರಿಗೆ ಕೋಣೆ ಆಯಿತು. ಯಾರೋ ತಮ್ಮ ಮನೆಯ ಮುದುಕಪ್ಪನನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಹೋದರು, ಹಿತ್ತಲಲ್ಲಿ ವೃದ್ಧರ ಮನೆ ಎದ್ದಿತು. ಇದನ್ನೆಲ್ಲ ಹೇಗೆ ಕಟ್ಟಿದಿರಿ ಎಂದರೆ ನಗುತ್ತಿದ್ದರು. "ನಾನೆಲ್ಲಿ ಕಟ್ದೆ? ಊರು ದೊಡ್ಡದಾದಂಗೆಲ್ಲ ಯಾರೂ ಇಲ್ದೋರೂ ಜಾಸ್ತಿ ಆಯ್ತಾರೆ. ಬಂದೋರಿಗೆ ಒಂದೊಂದು ಗೋಡೆ ಎಬ್ಬಿಸಿದ್ವಿ, ಅಷ್ಟೆ."

ಅವರ ಕನ್ನಡದ ಬಾಲಕ್ಕೆ ಸ್ವಲ್ಪ ತಮಿಳು ಅಂಟಿಕೊಂಡಿರುತ್ತಿತ್ತು. ಅದಕ್ಕೇ ಕೊಯಮತ್ತೂರು ಕಡೆಯವರೆಂದು ನಾವೇ ತೀರ್ಮಾನಿಸಿಬಿಟ್ಟಿದ್ದೆವು. ಅವರೂ ಅಲ್ಲ ಅನ್ನಲಿಲ್ಲ.

ನನ್ನ ಹೆರಿಗೆ ಕಷ್ಟವಾಗಿ, ಹೊಟ್ಟೆ ಕೊಯ್ದು ಮಗಳನ್ನು ತೆಗೆದರು. ಜೊತೆಗಿದ್ದವರು ನಮ್ಮತ್ತೆ. ನಮ್ಮೂರು ಅಗರದ ಮನೆಯಲ್ಲಿ ಲಿಂಗಪೂಜೆಯಾಗದೆ ತೊಟ್ಟು ನೀರು ಮುಟ್ಟದವರು, ಕಂಡವರ ಮನೆಯಲ್ಲಿ ಉಣ್ಣದವರು. ಬಂದ ಮೊದಲ ದಿನವೇ ನನ್ನ ಕಿವಿಯಲ್ಲಿ ಹೇಳಿದ್ದರು: "ಇಲ್ಲಿ ಔಷಧಿ ಮಾತ್ರ ಕುಡಿ ಕಣವ್ವ. ಇವರ ಒಲೆ ಮೇಲಿಂದು ಏನೂ ಮುಟ್ಬೇಡ, ಜಾತಿ ಕೆಡಿಸ್ಬುಡ್ತಾರೆ." ಊಟ ದಿನಾ ಬೆಳಿಗ್ಗೆಯ ಬಸ್ಸಿಗೆ ಊರಿಂದ ಬರುತ್ತಿತ್ತು.

ನಾಲ್ಕನೇ ದಿನ ಬಂದ್ ಆಗಿ ಬಸ್ಸು ನಿಂತವು. ಅಂಗಡಿಗಳೂ ಬಾಗಿಲು ಹಾಕಿದವು. ಎರಡು ದಿನ ನಾನು ಬಾಳೆಹಣ್ಣು ತಿಂದೆ, ಅತ್ತೆ ಅದನ್ನೂ ತಿನ್ನಲಿಲ್ಲ. ನನ್ನ ಎದೆಯಲ್ಲಿ ಹಾಲು ಇಳಿಯದೆ ಕೂಸು ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು. ಅತ್ತೆಗೆ ಎದುರಾಡುವ ಧೈರ್ಯ ನನಗಿರಲಿಲ್ಲ. ಗೋಡೆ ಕಡೆ ತಿರುಗಿ ಅಳುತ್ತಿದ್ದೆ.

ಸಿಸ್ಟರಮ್ಮ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ವಾರ್ಡಿನ ಜಗಲಿಯಲ್ಲಿ, ಅತ್ತೆಯ ಕಣ್ಣೆದುರಿಗೇ, ಮೂರು ಇಟ್ಟಿಗೆ ಇಟ್ಟು ಸೌದೆ ಹೊತ್ತಿಸಿದರು. ಹೊಳೆಯುವ ಹೊಸ ಪಾತ್ರೆ ತಂದರು. ನೀರು ಕುದಿಯುವ ಮೊದಲೇ ರಾಗಿಹಿಟ್ಟು ಸುರಿದು ಕೋಲು ಆಡಿಸತೊಡಗಿದರು. ಪಾತ್ರೆಯ ತುಂಬ ಗಂಟೋ ಗಂಟು.

ಅತ್ತೆ ಮುಖ ತಿರುಗಿಸಿ ಕೂತರು. ಮತ್ತೆ ನೋಡಿದರು. ಆಮೇಲೆ ತಡೆಯಲಾಗಲಿಲ್ಲ.

"ಅಯ್ಯೋ ಶಿವ್ನೇ! ಇಟ್ಟು ಬೇಯೋಕೆ ಬುಡ್ದೆ ತಿರುವ್ತಾರೇನವ್ವ ಯಾರಾದ್ರೂ? ಅನ್ನ ತಿನ್ನೋ ಸೀಮೆಯೋರಿಗೆ ಯಾಕ್ ಬೇಕು ಈ ಕೆಲ್ಸ? ಏಳಿ ಅತ್ಲಾಗೆ, ಕೋಲು ಕೊಡಿ ಇಲ್ಲಿ!"

"ಕೈಗೆ ಬರಾಕಿಲ್ಲಮ್ಮ, ನೀವೇ ಕಲಿಸ್ಕೊಡಿ," ಎಂದು ಸಿಸ್ಟರಮ್ಮ ತಲೆ ತಗ್ಗಿಸಿ ಎದ್ದರು.

ಅತ್ತೆ ಗಂಟಾದ ಹಿಟ್ಟನ್ನು ದನಕ್ಕೆ ಸುರಿದು, ಪಾತ್ರೆಯನ್ನು ಎರಡು ಸಲ ಬೆಳಗಿದರು. ಸೆರಗು ಸಿಕ್ಕಿಸಿ ಮುದ್ದೆ ಕಟ್ಟಿದರು, ಬೆಳ್ಳುಳ್ಳಿ ಜಜ್ಜಿ ಮೆಣಸಿನ ಸಾರು ಕಾಯಿಸಿದರು. ಆ ಬಿಸಿಮುದ್ದೆಯ ರುಚಿ ಇವತ್ತಿಗೂ ನನ್ನ ನಾಲಿಗೆಯ ಮೇಲಿದೆ. ಸಂಜೆಗೆ ಮಗಳು ಹಾಲು ಕುಡಿದು ಮಲಗಿದಳು. ಸಿಸ್ಟರಮ್ಮ ತಂದಿಟ್ಟಿದ್ದ ಹಿಟ್ಟೋ ಎಂಟು ಮುದ್ದೆಗಾಗುವಷ್ಟಿತ್ತು. ಮಿಕ್ಕಿದ್ದನ್ನು ಎಸೆಯಲು ಮನಸ್ಸು ಬಾರದೆ ಅತ್ತೆ, ತಾವು ಒಂದು ತುತ್ತೂ ಮುಟ್ಟದೆ, ಪಕ್ಕದ ಮಂಚದ ಹೆಂಗಸಿಗೆ ಬಡಿಸಿದರು. ಬಿಳಿಗಿರಿರಂಗನ ಬೆಟ್ಟದ ಕಾಡುಜನರ ಹಾಡಿಯಿಂದ ಬಂದಿದ್ದ ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ.

ಆ ಮೂರು ಇಟ್ಟಿಗೆಯ ಒಲೆ ಮತ್ತೆ ಆರಲಿಲ್ಲ. ಅತ್ತೆ ಸಂತೆಗೆ ಬಂದಾಗಲೆಲ್ಲ ಅಲ್ಲಿ ಹೋಗಿ ಕೋಲು ಹಿಡಿಯುತ್ತಿದ್ದರು. ಸತ್ತೇಗಾಲದಿಂದ ಗಾಡಿಯಲ್ಲಿ ತೆಂಗಿನಕಾಯಿ ಬಂತು, ಯಾರೋ ತಗಡು ಹೊದಿಸಿಕೊಟ್ಟರು. ಈಗ ರೋಗಿಗಳ ಜೊತೆ ಬಂದವರೆಲ್ಲ ಉಣ್ಣುವ ದೊಡ್ಡ ಊಟದ ಮನೆ ಅದು. ಆದರೂ ಅತ್ತೆ ಅಲ್ಲಿ ಒಂದು ತುತ್ತು ಉಂಡವರಲ್ಲ, ಕುಡಿಯುವ ನೀರನ್ನೂ ಮನೆಯ ಚೊಂಬಿನಲ್ಲೇ ಒಯ್ಯುತ್ತಿದ್ದರು. ಸಿಸ್ಟರಮ್ಮ ಒಮ್ಮೆಯೂ "ಉಣ್ಣಿ" ಎಂದು ಒತ್ತಾಯಿಸಲಿಲ್ಲ. ಚೊಂಬು ಇಡಲು ಗೋಡೆಯ ಗೂಡಿನಲ್ಲಿ ಜಾಗ ಮಾತ್ರ ಬಿಡಿಸಿಕೊಟ್ಟಿದ್ದರು. ಬಂದವರಿಗೆಲ್ಲ "ಈಯಮ್ಮನೇ ನಂಗೆ ಮುದ್ದೆ ಕಲಿಸಿದ ಗುರು" ಎಂದು ತೋರಿಸುತ್ತಿದ್ದರು.

ಹೋದ ವರ್ಷ ಸಿಸ್ಟರಮ್ಮ ತೀರಿಕೊಂಡರು. ಮಣ್ಣು ಮಾಡಿ ಬಂದವರಿಗೆ ಆ ಊಟದ ಮನೆಯಲ್ಲೇ ಬಡಿಸುತ್ತಿದ್ದರು. ಅವರ ತಮ್ಮ, ಹನೂರಿನಾಚೆ ತಮಿಳು ಗಡಿಯ ಹಳ್ಳಿಯ ಮುದುಕ, ಒಲೆಯನ್ನೇ ನೋಡುತ್ತಾ ನನ್ನ ಮತ್ತು ಅತ್ತೆಯ ಪಕ್ಕ ನಿಂತಿದ್ದ.

"ನಮ್ಮಕ್ಕ ಒಂಬತ್ತು ವರ್ಷಕ್ಕೇ ಹನ್ನೆರಡು ಜನಕ್ಕೆ ಕಳಿ ತಿರುವೋಳು. ಕಳಿ ಅಂದ್ರೆ ನಿಮ್ಮ ಮುದ್ದೆ ಕಣ್ರಮ್ಮ. ಸಿಸ್ಟರಾದ್ಮೇಲೆ ರಜಕ್ಕೆ ಬಂದ್ರೂ ಕೋಲು ಯಾರಿಗೂ ಕೊಡ್ತಿರ್ಲಿಲ್ಲ. ಒಂದು ಗಂಟು ಇರ್ತಿರ್ಲಿಲ್ಲ."

ನಾನು ಗಾಬರಿಯಾಗಿ ಅತ್ತೆಯ ಮುಖ ನೋಡಿದೆ. ಅವರು ತಮ್ಮ ಬಲಗೈ ಬಿಡಿಸಿ ತೋರಿಸಿದರು. ಹೆಬ್ಬೆರಳಿನ ಬುಡದಲ್ಲಿ ಅದೇ ಜಡ್ಡು.

"ಕೋಲು ಈಸ್ಕೊಂಡಾಗ್ಲೇ ಕಂಡಿದ್ದೆ ಕಣವ್ವ. ಇಟ್ಟು ತಿರುವಿದ ಕೈ ನಂಗೆ ಗೊತ್ತಾಗಾಕಿಲ್ವಾ? ಸುಮ್ಕಿದ್ದೆ. ಕೂಸು ಅಳ್ತಿತ್ತು, ನಂಗೂ ಒಂದು ನೆಪ ಬೇಕಾಗಿತ್ತು."

ಇಷ್ಟು ಹೇಳಿ ಅತ್ತೆ ಚೊಂಬನ್ನು ಗೂಡಿನಲ್ಲೇ ಬಿಟ್ಟು ಹೋಗಿ, ಪಂಕ್ತಿಯ ಕೊನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು, ತಟ್ಟೆ ಮುಂದೆ ಎಳೆದುಕೊಂಡರು. ಬಡಿಸುತ್ತಿದ್ದವಳು, ಅಂದು ಹಾಲಿಗೆ ಅತ್ತ ನನ್ನ ಮಗಳು, ನಂಬಲಾರದೆ ಮುದ್ದೆ ಹಿಡಿದು ನಿಂತುಬಿಟ್ಟಳು.

"ಏನ್ ನೋಡ್ತಿದ್ದೀಯೇ? ಆಕು," ಎಂದರು ಅತ್ತೆ.