ವ್ಯಾನಿನ ಮೀಟರಿನಲ್ಲಿ ನಿಂತ ಸಂಖ್ಯೆ

ನ್ಯಾಮತಿಯ ಶಾಲೆಯೊಂದರ ತಪಾಸಣೆಗೆ ಹೊನ್ನಾಳಿಯಿಂದ ಬಾಡಿಗೆ ವ್ಯಾನಿನಲ್ಲಿ ಹೊರಟಿದ್ದೆ. ಊರು ಇನ್ನೊಂದು ಕಿಲೋಮೀಟರ್ ಇರುವಾಗ ಡ್ರೈವರ್ ಗಾಡಿ ನಿಲ್ಲಿಸಿ, ಓಡಿದ ದೂರದ ಮೀಟರ್ ತೋರಿಸಿದ. 142857.

“ಎರಡರಿಂದ ಗುಣಿಸ್ರಿ ಸಾರ್.”

ಫೋನಿನಲ್ಲಿ ಗುಣಿಸಿದೆ. 285714.

“ಮೂರರಿಂದ?”

428571. ಅವೇ ಆರು ಅಂಕಿಗಳು, ಕೈ ಹಿಡಿದು ಸುತ್ತು ಬರುವ ಮಕ್ಕಳ ಹಾಗೆ.

“ಗಾಡಿ ತಗೊಂಡ ದಿನದಿಂದ ಕಾಯ್ತಿದ್ದೆ ಸಾರ್. ಮುಂದಕ್ಕೆ ಹೋದ್ರೆ ಅಳಿಸಿ ಹೋಗ್ತೈತೆ. ನೀವು ನಡ್ಕೊಂಡು ಹೋಗ್ರಿ.”

ಬೈಯಲು ಬಾಯಿ ತೆರೆದವನು ಯಾಕೋ ಫೋನ್ ಹಿಡಿದೇ ಇಳಿದೆ. ನಾಲ್ಕರಿಂದ, ಐದರಿಂದ, ಆರರಿಂದ ಗುಣಿಸುತ್ತ ನಡೆದೆ. ಅಂಕಿಗಳು ಜೊತೆಗೇ ತಿರುಗುತ್ತ ಬಂದವು. ಏಳರಿಂದ ಗುಣಿಸಿದರೆ ಬರೀ ಒಂಬತ್ತುಗಳು! ಶಾಲೆಗೆ ತಡವಾಗಿ ಹೋದವನು ತಪಾಸಣೆ ಮರೆತು ಅದನ್ನೇ ಬೋರ್ಡಿನ ಮೇಲೆ ಬರೆದೆ.

ಸಂಜೆ ಫೋನ್ ಮಾಡಿ ವ್ಯಾನ್ ತಾ ಎಂದೆ.

“ಇನ್ನೂ ಇಲ್ಲೇ ಅದೀನಿ ಸಾರ್. ಇವತ್ತೊಂದಿನ ಬಸ್ಸಿಗೆ ಹೋಗ್ರಿ.”